ಮುತ್ತಿನೋಲೆಗೆ ಎಂಬತ್ತು ಗಿಲ್ಡರ್

ಹಾಲೆಂಡಿನ ಹತ್ತು ಗಿಲ್ಡರಿನ ನೋಟು ನೀಲಿ ಬಣ್ಣದ್ದಿತ್ತು. ಅದರ ಮೇಲೆ ಅಚ್ಚಾಗಿದ್ದ ಮುಖ ಫ್ರಾನ್ಸ್ ಹಾಲ್ಸ್ ಎಂಬ ಚಿತ್ರಕಾರನದು. ಹದಿನೇಳನೇ ಶತಮಾನದವ, ಹಾರ್ಲೆಮ್ ಊರಿನವ. ಬ್ರೆಡ್ಡಿನವನಿಗೆ, ಮಾಂಸದಂಗಡಿಯವನಿಗೆ ಬಾಕಿ ಉಳಿಸಿಕೊಂಡೇ ಬಾಳಿದ. ಮುಪ್ಪಿನಲ್ಲಿ ಊರಿನ ಪುರಸಭೆ ವರ್ಷಕ್ಕೆ 200 ಗಿಲ್ಡರ್ ಕೊಟ್ಟು ಅವನನ್ನು ಸಾಕಬೇಕಾಯಿತು. ಅಂಥವನ ಮುಖವನ್ನು ಸರಕಾರದವರು ನೋಟಿಗೆ ಹಾಕಿದ್ದು ನೋಡಿ ನನಗೆ ನಗು ಬಂದಿತ್ತು. 1978ರಲ್ಲಿ ಒಂದು ಮುಖದ ಕಾಪಿ ಬರೆದುಕೊಟ್ಟರೆ ನನಗೆ ಅಂಥ ಎಂಟು ನೋಟು ಸಿಗುತ್ತಿದ್ದವು. ಎಂಬತ್ತು ಗಿಲ್ಡರ್ ಎಂದರೆ ಆಗಿನ ಲೆಕ್ಕಕ್ಕೆ ಮುನ್ನೂರು ರೂಪಾಯಿಯ ಮೇಲಾಯಿತು. ಊರಲ್ಲಿ ಅಪ್ಪ ಹೈಸ್ಕೂಲು ಮಾಸ್ತರು. ಹಿಡಿತವೆಲ್ಲ ಹೋಗಿ ಅವರ ಕೈಗೆ ಬರುತ್ತಿದ್ದ ಪಗಾರ ಇದಕ್ಕಿಂತ ಬಹಳವೇನೂ ಇರಲಿಲ್ಲ. ಕಾಗದ ಬರೆಯುವಾಗ ಆ ಲೆಕ್ಕ ಮಾತ್ರ ಬಿಟ್ಟು ಬರೆಯುತ್ತಿದ್ದೆ.

ನಾನು ಬಿಜಾಪುರದ ಕಡೆಯವಳು. ಈಗ ವಿಜಯಪುರ ಎನ್ನಬೇಕು, ನನ್ನ ಬಾಯಿಗೆ ಅದಿನ್ನೂ ಹತ್ತಿಲ್ಲ. ನಮ್ಮ ಕಾಲಕ್ಕೆ ಆ ಭಾಗದಲ್ಲಿ ಚಿತ್ರ ಕಲಿತ ಮಕ್ಕಳೆಲ್ಲ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂದು ಎರಡು ಡ್ರಾಯಿಂಗ್ ಪರೀಕ್ಷೆ ಕಟ್ಟುತ್ತಿದ್ದರು. ಮುಂಬಯಿ ಸರಕಾರ ಇದ್ದಾಗಿನಿಂದ ಬಂದ ರೂಢಿ. ನಾನೂ ಕಟ್ಟಿ ಪಾಸಾಗಿ, ಮನೆಯಲ್ಲೇ ಒಂದು ಸಣ್ಣ ಧಂದೆ ಹಿಡಿದಿದ್ದೆ. ತೀರಿಹೋದವರ ಫೋಟೋ ತಂದುಕೊಟ್ಟರೆ, ಅದರ ಮೇಲೆ ಪೆನ್ಸಿಲಿನಿಂದ ಸಣ್ಣ ಚೌಕ, ಕ್ಯಾನ್ವಾಸಿನ ಮೇಲೆ ದೊಡ್ಡ ಚೌಕ ಎಳೆದು, ಎಣ್ಣೆ ಬಣ್ಣದಲ್ಲಿ ಎದೆಮಟ್ಟದ ಚಿತ್ರ ಬರೆದುಕೊಡುತ್ತಿದ್ದೆ. ಅರವತ್ತು ರೂಪಾಯಿ. ರುಮಾಲಿಗೆ ಜರಿ ಅಂಚು ಬೇಕೆಂದರೆ ಮೇಲೆ ಐದು. ಎಷ್ಟೋ ಮನೆಯ ಪಡಸಾಲೆಯಲ್ಲಿ, ಗೋಡೆ ಗಡಿಯಾರದ ಪಕ್ಕದ ಗೂಟಕ್ಕೆ, ನನ್ನ ಕೈಯ ಮುದುಕರು ನೇತುಬಿದ್ದಿದ್ದರು. ಫೋಟೋದಲ್ಲಿ ಕಣ್ಣು ಮಸುಕಾಗಿದ್ದರೆ ಮಗನನ್ನು ಎದುರು ಕೂಡಿಸಿಕೊಂಡು ಅವನ ಕಣ್ಣು ಬರೆಯುತ್ತಿದ್ದೆ. ಮನೆಯವರು “ಥೇಟ್ ನಮ್ಮ ಮುತ್ಯಾನs ನೋಡ್ರಿ” ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಬಲು ದೊಡ್ಡ ಕಲಾವಿದೆ ಎಂಬುದರಲ್ಲಿ ಆಗ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಮದುವೆಯಾದದ್ದು ನೀರಾವರಿ ಇಂಜಿನಿಯರನ್ನು. ಡೆಲ್ಫ್ಟ್ ಊರಿನಲ್ಲಿ ಹೊರದೇಶದ ಇಂಜಿನಿಯರುಗಳಿಗೆ ನೀರಿನ ವಿದ್ಯೆ ಕಲಿಸುವ ಸಂಸ್ಥೆ 1957ರಿಂದಲೇ ಇತ್ತು. ನಮ್ಮನೆಯವರು ಅಲ್ಲಿ ಓದಲು ಹೋದವರು ಕೆಲಸ ಸಿಕ್ಕಿ ಅಲ್ಲೇ ಉಳಿದರು. 1977ರಲ್ಲಿ ನಾನು ಹೊರಟೆ: ಒಂದು ಟ್ರಂಕು, ಒಂದು ಹೋಲ್ಡಾಲು, ಹಿತ್ತಾಳೆ ಗಿಂಡಿ, ಕಲಬತ್ತು, ಎರಡು ಕೌದಿ, ಅವ್ವ ಕಟ್ಟಿಕೊಟ್ಟ ಅಗಸಿ ಹಿಂಡಿಯ ಡಬ್ಬಿ. ಹಿಂಡಿ ತೀರಿದ ಮೇಲೆ ಕಷ್ಟವಾಯಿತು. ತೊಗರಿಬೇಳೆ ಬೇಕೆಂದರೂ ಟ್ರಾಮು ಹತ್ತಿ ಹೇಗ್ ಪಟ್ಟಣಕ್ಕೆ ಹೋಗಿ, ಸುರಿನಾಮಿನಿಂದ ಬಂದು ನೆಲೆಸಿದ್ದ ಹಿಂದೂಸ್ತಾನಿಗಳ ಅಂಗಡಿ ಹುಡುಕಬೇಕಿತ್ತು.

ಒಂದು ಮಧ್ಯಾಹ್ನ ಕಾಲುವೆಯ ದಂಡೆಯಲ್ಲಿ ಬರುತ್ತಿದ್ದಾಗ ಒಂದು ಅಂಗಡಿಯ ತೆರೆದ ಬಾಗಿಲಿನಿಂದ ಗಾಣದ ಮನೆಯ ವಾಸನೆ ಬಂತು. ಅಗಸೆ ಎಣ್ಣೆ! ಮೇಲೊಂದಿಷ್ಟು ಟರ್ಪೆಂಟೈನಿನ ಘಾಟು, ರಾಳದ ವಾಸನೆ. ಅದು ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿ. ಹಿಂದಿನ ಕೋಣೆಯಲ್ಲಿ, ಬಡಗಣ ಕಿಟಕಿಯ ಬೆಳಕಿಗೆ, ಒಬ್ಬ ಮುದುಕರು ಕೋಲಿನ ಮೇಲೆ ಮಣಿಕಟ್ಟು ಊರಿ ರೆಂಬ್ರಾಂಟನ ಮೂಗು ಬರೆಯುತ್ತಿದ್ದರು. ಎಲ್ಲರೂ ಅವರನ್ನು ಮೆನೇರ್ ಎನ್ನುತ್ತಿದ್ದರು, ನಮ್ಮಲ್ಲಿ ‘ಯಜಮಾನ್ರs’ ಎಂದ ಹಾಗೆ. ನಾನು ಅರೆಬರೆ ಡಚ್ಚಿನಲ್ಲಿ ನನ್ನ ಧಂದೆ ವಿವರಿಸಿದೆ. ಅವರು ಒಂದು ಕಾಗದ ಕೊಟ್ಟು ಕಿವಿ ಬರೆಯಲು ಹೇಳಿದರು. ಬರೆದೆ. ಇನ್ನೊಂದು ಕಿವಿ ಬರೆಯಲು ಹೇಳಿದರು. ಎರಡೂ ಒಂದೇ ಮನುಷ್ಯನವೆಂದು ಖಾತ್ರಿ ಮಾಡಿಕೊಂಡು, ಸೋಮವಾರದಿಂದ ಬರಲು ಹೇಳಿದರು. ಮುಂದೆ ಎಷ್ಟೋ ವರ್ಷ ಆ ಕೋಣೆಯೇ ನನ್ನ ಕಚೇರಿಯಾಯಿತು.

ಮೊದಲು ಅವರು ಕಲಿಸಿದ್ದು ಬಟ್ಟೆ ಹದ ಮಾಡುವುದನ್ನು. ಲಿನನ್ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ಮೊಲದ ಚರ್ಮದಿಂದ ತೆಗೆದ ಅಂಟು ಸವರಬೇಕು. ಆ ಅಂಟು ಕಾಯಿಸುವಾಗಿನ ವಾಸನೆಯನ್ನು ಮಾತ್ರ ವರ್ಣಿಸಲಾರೆ. ಲಿಂಗಾಯತರ ಮನೆಯ ಹುಡುಗಿ, ಮೂಗಿಗೆ ಸೆರಗು ಹಿಡಿದು ಹಿತ್ತಲ ಬಾಗಿಲಲ್ಲಿ ನಿಲ್ಲುತ್ತಿದ್ದೆ. ವರ್ಷ ತುಂಬುವುದರೊಳಗೆ ಹಾಡು ಗುನುಗುತ್ತ ಅದನ್ನೇ ಸೌಟಿನಲ್ಲಿ ತಿರುವುವಷ್ಟು ಸಲಿಗೆ ಬಂತು. ಊರಿಗೆ ಬರೆದ ಕಾಗದದಲ್ಲಿ ಅದು ‘ಒಂದು ಥರದ ಗೋಂದು’ ಆಗಿತ್ತು.

ಅಂಟಿನ ಮೇಲೆ ಬೂದುಗಂದು ಬಣ್ಣದ ನೆಲೆ. ಅದು ಒಣಗಿದ ಮೇಲೆ ಕಂದು, ಕಪ್ಪು, ಬಿಳಿ ಇಷ್ಟರಲ್ಲೇ ಇಡೀ ಮುಖದ ನೆರಳು-ಬೆಳಕು ಮೂಡಿಸಬೇಕು. ಡಚ್ಚರು ಅದನ್ನು ಸತ್ತ ಬಣ್ಣ ಎನ್ನುತ್ತಿದ್ದರು. ಅದರ ಮೇಲೆ ಮಾಂಸದ ಬಣ್ಣ, ಮತ್ತೆ ತೆಳುವಾದ ಎಣ್ಣೆಯ ಪದರ, ಮತ್ತೆ ಕಾಯುವುದು. ಬಣ್ಣ ಆಪಲ್ಡೋರ್ನಿನ ಟಾಲೆನ್ಸ್ ಕಂಪನಿಯದು, ಟ್ಯೂಬಿನ ಮೇಲೆ ರೆಂಬ್ರಾಂಟ್ ಎಂದೇ ಹೆಸರು. ಬಿಳಿಯನ್ನು ಮಾತ್ರ ಮೆನೇರ್ ಕೈಯಾರೆ ಅರೆಯುತ್ತಿದ್ದರು, ಸೀಸದ ಬಿಳಿ. ಹಿಂದೆ ಸೀಸದ ಸುರುಳಿಗಳನ್ನು ವಿನೆಗರ್ ಹಾಕಿದ ಗಡಿಗೆಗಳಲ್ಲಿಟ್ಟು ಕುದುರೆ ಲದ್ದಿಯಲ್ಲಿ ಹೂತರೆ, ಲದ್ದಿಯ ಕಾವಿಗೆ ವಾರಗಟ್ಟಲೆಯಲ್ಲಿ ಸೀಸದ ಮೇಲೆ ಬಿಳಿ ಹಕ್ಕಳೆ ಏಳುತ್ತಿತ್ತಂತೆ. ಆ ಹಕ್ಕಳೆಯೇ ಹಳೇ ಡಚ್ ಮುಖಗಳ ಕಾಂತಿ. ಶುದ್ಧ ವಿಷ. ಅದನ್ನಿಟ್ಟ ಭರಣಿಯ ಹತ್ತಿರ ನನ್ನ ಊಟದ ಡಬ್ಬಿ ಕಂಡರೆ ಮೆನೇರ್ ಕೆಂಡವಾಗುತ್ತಿದ್ದರು. ಈಗ ಯುರೋಪಿನಲ್ಲಿ ಸೀಸದ ಬಿಳಿ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಸಿಗದಿರುವುದೇ ಒಳ್ಳೆಯದು.

ಆ ಚಿತ್ರಗಳಲ್ಲಿ ಗಂಡಸರು ಹೆಂಗಸರು ಎಲ್ಲರೂ ಅಡಿಯಿಂದ ಮುಡಿಯವರೆಗೆ ಕಪ್ಪು ಬಟ್ಟೆ. ಊರಿಗೆ ಊರೇ ಸೂತಕದಲ್ಲಿದೆಯೇ ಎಂದು ನಾನು ಕೇಳಿದೆ. ಮೆನೇರ್ ನಕ್ಕು, ಗಾಢವಾದ ಕಪ್ಪು ಬಣ್ಣ ಹಾಕಿಸುವುದು ಆ ಕಾಲಕ್ಕೆ ಬಹಳ ದುಬಾರಿ, ಕಪ್ಪು ಉಟ್ಟವರೆಲ್ಲ ದುಡ್ಡಿದ್ದವರು ಎಂದರು. ಹಾಲ್ಸ್ ಒಬ್ಬನಲ್ಲೇ ಇಪ್ಪತ್ತೇಳು ಬಗೆಯ ಕಪ್ಪುಗಳಿವೆ ಎಂದು ವಾನ್ ಗೋ ತನ್ನ ತಮ್ಮನಿಗೆ ಬರೆದಿದ್ದ. ನಾನು ಎಣಿಸಲು ಹೋಗಿ ಆರೇಳಕ್ಕೆ ನಿಂತೆ. ಆಮೇಲೆ ಕೊರಳ ಸುತ್ತಿನ ಆ ಬಿಳಿ ಪಟ್ಟಿ. ಗಿರಣಿ ಕಲ್ಲಿನಷ್ಟು ಅಗಲ, ನೂರಾರು ನೆರಿಗೆ, ಪ್ರತಿ ನೆರಿಗೆಗೆ ಒಂದು ಬೆಳಕು ಒಂದು ನೆರಳು. ಅಂಗಡಿಯಲ್ಲಿ ದರಪಟ್ಟಿ ಇದ್ದದ್ದೇ ಕೊರಳಿನ ಲೆಕ್ಕದಲ್ಲಿ: ಮಡಿಚಿದ ಸಾದಾ ಕಾಲರಿನ ಮುಖಕ್ಕೆ 275 ಗಿಲ್ಡರ್, ಲೇಸಿನ ಕಾಲರಿಗೆ 350, ನೆರಿಗೆಯ ಕೊರಳಪಟ್ಟಿಗೆ 425. ಜರಿ ಅಂಚಿಗೆ ಐದು ರೂಪಾಯಿ ಹೆಚ್ಚಿಗೆ ಇಸಿದುಕೊಂಡು ಬಂದವಳಿಗೆ ಈ ವ್ಯವಹಾರ ಬೇಗ ತಲೆಗೆ ಹೋಯಿತು.

ಕಾಪಿಯವರ ಕಸುಬಿಗೂ ಒಂದು ನೇಮವಿತ್ತು. ಅಳತೆ ಮೂಲದಷ್ಟೇ ಇರಬಾರದು, ನಾಲ್ಕು ಬೆರಳು ಹೆಚ್ಚೋ ಕಡಿಮೆಯೋ ಇರಬೇಕು. ಮೂಲದಲ್ಲಿ ಸಹಿ ಇದ್ದರೂ ಕಾಪಿಯಲ್ಲಿ ಕೂಡದು. ಬಟ್ಟೆಯ ಹಿಂಬದಿಗೆ ಕಪ್ಪು ಬಣ್ಣದಲ್ಲಿ ‘ಕೋಪೀ’ ಎಂದು, ಅದರ ಕೆಳಗೆ ಮೂಲ ಚಿತ್ರಕಾರನ ಹೆಸರು ಬರೆಯಲೇಬೇಕು. ನನ್ನ ಹೆಸರು ಎಲ್ಲೂ ಇರುತ್ತಿರಲಿಲ್ಲ. ಮೊದಮೊದಲು ಅದು ಬಹಳ ಕೊರೆಯುತ್ತಿತ್ತು. ಒಂದೆರಡು ಚಿತ್ರದಲ್ಲಿ ಲೇಸಿನ ನೆರಿಗೆಯೊಳಗೆ ಕನ್ನಡದ ‘ಶ’ ಅಡಗಿಸಿ ಬರೆದು ಒಳಗೊಳಗೇ ಹಿಗ್ಗಿದ್ದೆ. ಕೊಂಡವರಿಗೆ ಅದು ದಾರದ ಸುರುಳಿಯಾಗಿ ಕಂಡಿರಬೇಕು. ಯಾರೂ ಕೇಳಲಿಲ್ಲ.

ಎಲ್ಲರಿಗೂ ಗೊತ್ತಿರುವ ಆ ಮುತ್ತಿನೋಲೆಯ ಹುಡುಗಿ ಆಗ ಇಷ್ಟು ಹೆಸರುವಾಸಿಯಾಗಿರಲಿಲ್ಲ. ಪ್ರವಾಸಿಗಳು ಕೇಳುತ್ತಿದ್ದದ್ದು ರೆಂಬ್ರಾಂಟನನ್ನು. ಇಂಗ್ಲಿಷರು ಕೇಳುತ್ತಿದ್ದದ್ದು ಲಂಡನ್ನಿನಲ್ಲಿರುವ ಹಾಲ್ಸ್‌ನ ಮೀಸೆಯ ಸರದಾರನನ್ನು. ಡೆಲ್ಫ್ಟಿನ ಚಿತ್ರಕಾರ ವರ್ಮೀರ್ ಬರೆದ ಈ ಹುಡುಗಿ ಹೇಗ್ ಪಟ್ಟಣದ ಮೌರಿಟ್ಸ್‌ಹೌಸ್ ಸಂಗ್ರಹಾಲಯದಲ್ಲಿ ಗದ್ದಲವಿಲ್ಲದೆ ಇದ್ದಳು. ಚಿತ್ರ ಅಷ್ಟೇನೂ ದೊಡ್ಡದಲ್ಲ, ಎತ್ತರ 44.5 ಸೆಂಟಿಮೀಟರ್, ಅಗಲ 39. 1665ರ ಸುಮಾರಿಗೆ ಬರೆದದ್ದು. 1881ರ ಹರಾಜಿನಲ್ಲಿ ಒಬ್ಬ ಸದ್ಗೃಹಸ್ಥ ಅದನ್ನು ಎರಡು ಗಿಲ್ಡರಿಗೆ ಹಿಡಿದಿದ್ದ. ಮೇಲೆ ಹರಾಜಿನವರ ಮೂವತ್ತು ಸೆಂಟ್ ದಲಾಲಿ. 1902ರಲ್ಲಿ ಅವನು ತೀರಿಕೊಂಡಾಗ ಅದು ಸಂಗ್ರಹಾಲಯಕ್ಕೆ ಬಂತು. ಎರಡು ಗಿಲ್ಡರಿನ ಹುಡುಗಿಯ ಕಾಪಿಗೆ ನನಗೆ ಎಂಬತ್ತು ಸಿಗುತ್ತದೆ, ಹಾಗಾದರೆ ವರ್ಮೀರನಿಗಿಂತ ನಾನೇ ಮೇಲು ಎಂದು ನಮ್ಮನೆಯವರ ಮುಂದೆ ಜಂಬ ಕೊಚ್ಚುತ್ತಿದ್ದೆ.

ಅವಳ ಮುತ್ತು ಬರೆಯುವುದನ್ನು ಮೆನೇರ್ ಕೊನೆಯ ದಿನಕ್ಕೆ ಇಟ್ಟುಕೊಳ್ಳಲು ಹೇಳುತ್ತಿದ್ದರು. ಆ ಮುತ್ತಿಗೆ ಕೊಂಡಿಯಿಲ್ಲ, ಸುತ್ತ ಗೆರೆಯಿಲ್ಲ. ಮೇಲೊಂದು ದಪ್ಪನೆಯ ಬಿಳಿ ಮೆತ್ತು, ಕೆಳಗೆ ಕಾಲರಿನ ಮಸುಕು ಪ್ರತಿಬಿಂಬ, ಅಷ್ಟೇ. ಕೈ ನಡುಗಿದರೆ ಮುತ್ತು ಹೋಗಿ ಸುಣ್ಣದ ಚಿಟಿಕೆ ಆಗುತ್ತಿತ್ತು. ತಲೆಯ ರುಮಾಲಿನ ನೀಲಿಗೆ ವರ್ಮೀರ್ ಅಫಘಾನಿಸ್ತಾನದ ಲಾಜವರ್ದ ಕಲ್ಲು ಅರೆಸಿದ್ದ. ನಮಗೆ ಅದೆಲ್ಲ ಎಲ್ಲಿಂದ? ಕಾರ್ಖಾನೆಯಲ್ಲಿ ಮಾಡಿದ ಅಲ್ಟ್ರಾಮರೀನ್ ಸಾಕಾಗಿತ್ತು. ಅವ್ವ ಬಿಳಿ ಧೋತರಕ್ಕೆ ಬೋಗುಣಿಯಲ್ಲಿ ಕದಡುತ್ತಿದ್ದ ನೀಲಿಯೂ ಅದೇ ಪದಾರ್ಥ. ಅವಳ ಹಿಂದಿನ ಕಪ್ಪನ್ನು ನಾವು ಬರಿಯ ಕಪ್ಪೆಂದೇ ಬಳಿಯುತ್ತಿದ್ದೆವು. 2018ರಲ್ಲಿ ಸಂಗ್ರಹಾಲಯದವರು ಯಂತ್ರಗಳನ್ನಿಟ್ಟು ಪರೀಕ್ಷಿಸಿದಾಗ ಅಲ್ಲೊಂದು ಹಸಿರು ಪರದೆ ಇತ್ತೆಂದೂ, ಅವಳ ಕಣ್ಣಿಗೆ ರೆಪ್ಪೆಗೂದಲೂ ಇದ್ದವೆಂದೂ ಗೊತ್ತಾಯಿತು. ಪರದೆಯಿಲ್ಲದ, ರೆಪ್ಪೆಗೂದಲಿಲ್ಲದ ನನ್ನ ಹುಡುಗಿಯರು ಅಷ್ಟರಲ್ಲಿ ಎಲ್ಲೆಲ್ಲಿಯೋ ಸೇರಿಹೋಗಿದ್ದರು.

ಗಿರಾಕಿಗಳಲ್ಲಿ ಬಗೆಬಗೆಯವರಿದ್ದರು. ಒಬ್ಬ ಹಲ್ಲಿನ ಡಾಕ್ಟರು ಹೊಸ ಮನೆ ಕೊಂಡಿದ್ದ. ಮನೆ ಹಳೆಯದು, 1600ರ ಕಾಲದ್ದು, ಆದರೆ ಗೋಡೆಗೆ ತೂಗಲು ಅವನಿಗೆ ಪೂರ್ವಜರಿರಲಿಲ್ಲ. ನಮ್ಮಲ್ಲಿಂದ ನಾಲ್ಕು ಜನ ಪೂರ್ವಜರನ್ನು ಒಯ್ದ, ಇಬ್ಬರು ಗಂಡಸರು ಇಬ್ಬರು ಹೆಂಗಸರು. ಒಬ್ಬ ಅಜ್ಜಿಯ ಮೂಗು ಉದ್ದವಾಯಿತೆಂದು ತಂದು ಬದಲಾಯಿಸಿಕೊಂಡೂ ಹೋದ. ಇನ್ನೊಬ್ಬ ಹೂವಿನ ವ್ಯಾಪಾರಿ, ಮೀಸೆಯ ಸರದಾರನ ಮೈಮೇಲೆ ತನ್ನ ಮುಖ ಕೂಡಿಸಿಕೊಡಲು ಕೇಳಿದ. ಮೆನೇರ್ ಒಪ್ಪಲಿಲ್ಲ, ಅಂಗಡಿಯ ಒಡೆಯ ಒಪ್ಪಿದ. ಸತ್ತ ತಂದೆಗೆ ಮಗನ ಕಣ್ಣು ಬರೆದು ರೂಢಿಯಿದ್ದ ನನ್ನ ಪಾಲಿಗೆ ಆ ಕೆಲಸ ಬಂತು. ಆತನಿಗೆ ಮೀಸೆ ಇರಲಿಲ್ಲ, ಅದನ್ನೂ ಹಾಲ್ಸ್‌ನಿಂದಲೇ ತೆಗೆದು ಕೊಟ್ಟೆ.

ಮೆನೇರ್ ಹೊಸ ಕ್ಯಾನ್ವಾಸಿಗೆ ಚಹದ ನೀರು ಹಾಕಿ, ಹೊಗೆ ಹಿಡಿಸಿ, ಬಿರುಕು ಬರಿಸಿ ಹಳೆಯದು ಮಾಡಲು ಸುತರಾಂ ಒಪ್ಪುತ್ತಿರಲಿಲ್ಲ. ಕಾರಣ ಕೇಳಿದಾಗ ವಾನ್ ಮೇಗರೆನ್ನನ ಕಥೆ ಹೇಳಿದರು. ಆತ ನಮ್ಮ ಡೆಲ್ಫ್ಟಿನಲ್ಲೇ ಕಟ್ಟಡ ವಿದ್ಯೆ ಓದಿದವ. ಬಣ್ಣಕ್ಕೆ ಬೇಕಲೈಟಿನ ದ್ರವ್ಯ ಬೆರೆಸಿ, ಒಲೆಯಲ್ಲಿ ಬೇಯಿಸಿ ಗಟ್ಟಿ ಮಾಡಿ, ಹೊಸದೊಂದು ‘ವರ್ಮೀರ್’ ಸೃಷ್ಟಿಸಿದ. ದೊಡ್ಡ ಪಂಡಿತ ಅಬ್ರಹಾಂ ಬ್ರೇಡಿಯಸ್ ಅದು ಅಸಲಿ ಎಂದು 1937ರಲ್ಲಿ ಬರೆದೇಬಿಟ್ಟ. ರಾಟರ್‌ಡ್ಯಾಮಿನ ಬಾಯ್‌ಮನ್ಸ್ ಸಂಗ್ರಹಾಲಯಕ್ಕಾಗಿ ಅದನ್ನು 5 ಲಕ್ಷ ಗಿಲ್ಡರಿಗೂ ಮೇಲೆ ಕೊಟ್ಟು ಕೊಂಡರು. 1938ರಲ್ಲಿ ಅದನ್ನು ನೋಡಲು ಸಾಲಿನಲ್ಲಿ ನಿಂತವರಲ್ಲಿ ಹರೆಯದ ಮೆನೇರ್ ಕೂಡ ಒಬ್ಬರು. ಯುದ್ಧ ಮುಗಿದ ಮೇಲೆ, ನಾಜಿ ಗೋರಿಂಗನಿಗೆ ದೇಶದ ಆಸ್ತಿ ಮಾರಿದನೆಂದು ವಾನ್ ಮೇಗರೆನ್ನನನ್ನು ಹಿಡಿದರು. ತಲೆ ಉಳಿಸಿಕೊಳ್ಳಲು ಅವನು ‘ಮಾರಿದ್ದು ನಾನೇ ಬರೆದ ಖೋಟಾ’ ಎಂದ, ಕಾವಲಿನವರ ಎದುರಲ್ಲೇ ಇನ್ನೊಂದು ಬರೆದು ತೋರಿಸಿದ. 1947ರಲ್ಲಿ ಒಂದು ವರ್ಷದ ಸಜೆಯಾಯಿತು. ಸಜೆ ಅನುಭವಿಸುವ ಮೊದಲೇ ಸತ್ತ. “ನೀನು ಆ ಚಿತ್ರ ನೋಡಿದಾಗ ನಿನಗೆ ಏನನ್ನಿಸಿತು?” ಎಂದೆ. ಬಹಳ ಚೆನ್ನಾಗಿದೆ ಅನ್ನಿಸಿತು ಎಂದರು ಮೆನೇರ್, ಮುಖ ಸಪ್ಪಗೆ ಮಾಡಿಕೊಂಡು. ಡಚ್ಚಿನಲ್ಲಿ ಬಹುವಚನ ನನಗೆ ಆಗಿನ್ನೂ ಬರುತ್ತಿರಲಿಲ್ಲ, ಹಿರಿಯರನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ, ಅವರು ಸಹಿಸಿಕೊಂಡರು.

ಕಾಪಿ ಎಂದರೆ ಕೀಳು ಎಂಬ ಭಾವನೆ ಈಚಿನದು. ಡೆಲ್ಫ್ಟಿನವನೇ ಆದ ಮಿಖೀಲ್ ವಾನ್ ಮೀರೆವೆಲ್ಟ್ ಆರೇಂಜ್ ವಂಶದ ರಾಜಕುಮಾರರ ಮುಖಗಳನ್ನು ಶಿಷ್ಯರ ಕೈಯಲ್ಲಿ ರಾಶಿ ರಾಶಿ ಬರೆಸಿ ಮಾರುತ್ತಿದ್ದ. ಅವನ ಹೆಸರಿನಲ್ಲಿ 10,000 ಮುಖಗಳಿವೆ ಎಂದು ಹಳಬನೊಬ್ಬ ಬರೆದಿಟ್ಟಿದ್ದಾನೆ, ಅದು ಸ್ವಲ್ಪ ಹೆಚ್ಚಾಯಿತು. ರೆಂಬ್ರಾಂಟನ ಹತ್ತಿರ ಕಲಿಯಲು ವರ್ಷಕ್ಕೆ 100 ಗಿಲ್ಡರ್ ಕೊಟ್ಟು ಬಂದ ಶಿಷ್ಯರೂ ಗುರುವಿನ ಮುಖವನ್ನೇ ಕಾಪಿ ಮಾಡಿ ಕಲಿತರು. ಮೌರಿಟ್ಸ್‌ಹೌಸಿನಲ್ಲಿ ತರುಣ ರೆಂಬ್ರಾಂಟ್ ಕೊರಳಿಗೆ ಉಕ್ಕಿನ ಕವಚ ಕಟ್ಟಿಕೊಂಡ ಸ್ವಂತ ಚಿತ್ರವೊಂದಿದೆ. ಬಹಳ ಬೇಡಿಕೆಯದು, ನಾನು ತಿರುಗಿ ತಿರುಗಿ ಬರೆದದ್ದು. 1990ರ ದಶಕದಲ್ಲಿ ಅದರ ಬಣ್ಣದ ಕೆಳಗೆ ಅಚ್ಚುಕಟ್ಟಾದ ರೇಖಾಚಿತ್ರ ಸಿಕ್ಕಿತು. ರೆಂಬ್ರಾಂಟ್ ಹಾಗೆ ಗೆರೆ ಹಾಕಿಕೊಂಡು ಬರೆಯುವವನಲ್ಲ. ಅಸಲಿ ಜರ್ಮನಿಯ ನ್ಯೂರೆಂಬರ್ಗಿನದು, ಇದು ಕಾಪಿ ಎಂದು ತೀರ್ಮಾನವಾಯಿತು. ಅಷ್ಟು ವರ್ಷ ನಾನು ಕಾಪಿಯ ಕಾಪಿ ಬರೆದಿದ್ದೆ. ನಮ್ಮನೆಯವರು ಒಂದು ವಾರ ನಕ್ಕರು.

ಕಾಪಿಯವರ ಪರವಾಗಿ ನಾನು ಹೇಳುವ ಇನ್ನೊಂದು ಕಥೆ ಉಂಟು. ರೆಂಬ್ರಾಂಟನ ‘ನೈಟ್ ವಾಚ್’ 1642ರದು. 1715ರಲ್ಲಿ ಅದನ್ನು ಆಮ್‌ಸ್ಟರ್‌ಡ್ಯಾಮಿನ ಪುರಭವನಕ್ಕೆ ಸಾಗಿಸಿದಾಗ ಗೋಡೆಗೆ ಹಿಡಿಸಲಿಲ್ಲ. ನಾಲ್ಕೂ ಕಡೆ ಕತ್ತರಿಸಿ ಕೂಡಿಸಿದರು. ಎಡಗಡೆ ಇಬ್ಬರು ಮನುಷ್ಯರೇ ಹೋದರು. ಕತ್ತರಿಸಿದ ತುಂಡುಗಳು ಸಿಕ್ಕಿಲ್ಲ. ಅಲ್ಲಿ ಯಾರಿದ್ದರು, ಏನಿತ್ತು ಎಂದು ಇವತ್ತು ಗೊತ್ತಿದ್ದರೆ ಅದು ಖೆರಿಟ್ ಲುಂಡೆನ್ಸ್ ಎಂಬ ಸಾಮಾನ್ಯ ಚಿತ್ರಕಾರ ಅದಕ್ಕೂ ಮೊದಲೇ ಹಲಗೆಯ ಮೇಲೆ ಒಂದು ಸಣ್ಣ ಕಾಪಿ ಬರೆದಿಟ್ಟಿದ್ದರಿಂದ. 2021ರಲ್ಲಿ, ಆ ಚಿತ್ರವಿರುವ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನವರು ಆ ಕಾಪಿಯನ್ನೇ ಕಂಪ್ಯೂಟರಿಗೆ ತೋರಿಸಿ, ಕಳೆದುಹೋದ ಅಂಚುಗಳನ್ನು ಅಚ್ಚು ಹಾಕಿಸಿ, ಕೆಲವು ತಿಂಗಳು ಮೂಲದ ಸುತ್ತ ಜೋಡಿಸಿಟ್ಟಿದ್ದರು.

ಅವ್ವನಿಗೆ ಮಾತ್ರ ನನ್ನ ಕೆಲಸ ಕೊನೆವರೆಗೂ ಅರ್ಥವಾಗಲಿಲ್ಲ. “ಅಲ್ಲವಾ, ಸತ್ತವರ ಮಾರಿ ಬರಿಯಾಕ ಅಷ್ಟು ದೂರ ಹೋಗಬೇಕಿತ್ತೇನ? ಇಲ್ಲೇನ ಯಾರೂ ಸಾಯಂಗಿಲ್ಲೇನ?” ಎಂದು ಒಂದು ರಜೆಯಲ್ಲಿ ಕೇಳಿದ್ದಳು. ಅಪ್ಪ ಇತಿಹಾಸದ ಮಾಸ್ತರು, ಅವರಿಗೆ ಬೇರೆಯದೇ ಆಸಕ್ತಿ. ಹಾರ್ಲೆಮ್ಮಿನ ಕಾರ್ನೆಲಿಸ್ ಹೆಡಾ ಎಂಬ ಚಿತ್ರಕಾರ 1610ರ ಹೊತ್ತಿಗೇ ಬಿಜಾಪುರದಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿ ಇದ್ದನೆಂದು ಎಲ್ಲೋ ಓದಿ ನಾನು ಅವರಿಗೆ ಬರೆದೆ. ಅವನದೆಂದು ಖಚಿತವಾಗಿ ಹೇಳಬಲ್ಲ ಒಂದು ಚಿತ್ರವೂ ಉಳಿದಿಲ್ಲ, ನಮ್ಮ ನೆಲದಲ್ಲೇ ತೀರಿಕೊಂಡ. ಅಪ್ಪನ ಉತ್ತರ ಒಂದು ಏರೋಗ್ರಾಮಿನ ಮೂಲೆಯಲ್ಲಿತ್ತು: ಅವರು ಒಬ್ಬನನ್ನು ಕಳಿಸಿದ್ದರು, ನಾವು ಒಬ್ಬಳನ್ನು ಕಳಿಸಿದೆವು, ಲೆಕ್ಕ ಚುಕ್ತಾ.

ಲೆಕ್ಕ ಅಲ್ಲಿಗೂ ಮುಗಿಯುವುದಿಲ್ಲ. ರೆಂಬ್ರಾಂಟ್ ತನ್ನ ಐವತ್ತರ ಆಸುಪಾಸಿನಲ್ಲಿ, ಸಾಲದಲ್ಲಿ ಮುಳುಗಿದ್ದ ಕಾಲಕ್ಕೆ, ಹಡಗುಗಳಲ್ಲಿ ಬಂದ ಮೊಘಲ್ ಕಿರುಚಿತ್ರಗಳನ್ನು ಎದುರಿಟ್ಟುಕೊಂಡು ಕಾಪಿ ಮಾಡುತ್ತ ಕೂತಿದ್ದ. ಜಹಾಂಗೀರ, ಷಹಜಹಾನ ಮುಂತಾದವರ ಅಂಥ ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರಗಳಿವೆ, ಪೂರ್ವದೇಶದ ಕಾಗದದ ಮೇಲೆ ಬರೆದವು. ಅವನ್ನು ನೋಡಿದಾಗ ನನಗೆ ಮೊದಲು ಕಂಡದ್ದು ರುಮಾಲು. ಸುತ್ತು ಸರಿಯಾಗಿ ಬಂದಿತ್ತು. ಅರವತ್ತು ರೂಪಾಯಿ ಧಾರಾಳವಾಗಿ ಕೊಡಬಹುದು ಎಂದುಕೊಂಡೆ.

ಮೆನೇರ್ 1986ರ ಚಳಿಗಾಲದಲ್ಲಿ ತೀರಿಕೊಂಡರು. ಅದಾದ ಮೇಲೆ ಆ ಕೋಣೆಯಲ್ಲಿ ಒಬ್ಬಳೇ ಇದ್ದೆ. ಬದಲಾವಣೆ ಸದ್ದಿಲ್ಲದೆ ಬಂತು. 1989ರಲ್ಲಿ ಹಾಂಗ್‌ಕಾಂಗಿನ ವ್ಯಾಪಾರಿಯೊಬ್ಬ ಚೀನಾದ ಶೆನ್‌ಜೆನ್ ಪಟ್ಟಣದ ಅಂಚಿನ ದಾಫೆನ್ ಎಂಬ ಹಳ್ಳಿಯಲ್ಲಿ ಕೆಲವು ಚಿತ್ರಕಾರರನ್ನು ಕೂಡಿಸಿ ಕಾಪಿಯ ಧಂದೆ ಸುರುಮಾಡಿದ್ದ. ಅದು ಬೆಳೆದು ಸಾವಿರಾರು ಜನ ವಾನ್ ಗೋನ ಸೂರ್ಯಕಾಂತಿ ಬರೆಯುವ ಊರಾಯಿತು. ತೊಂಬತ್ತರ ದಶಕದ ನಡುವಿಗೆ ಅಲ್ಲಿನ ಮಾಲು ನಮ್ಮ ಓಣಿಗೂ ಬಂತು: ಮುತ್ತಿನೋಲೆಯ ಹುಡುಗಿ, ಕಟ್ಟು ಸಹಿತ, 95 ಗಿಲ್ಡರ್. ನಾನು ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದೆ. ಸತ್ತ ಬಣ್ಣದ ಪದರವಿಲ್ಲ, ನೇರ ಬಣ್ಣ ಹಾಕಿದ್ದಾರೆ, ಮೂಗಿನ ನೆರಳು ಹಸಿರಾಗಿದೆ. ಆದರೂ ಹತ್ತು ಅಡಿ ದೂರದಿಂದ ಅದೂ ಹುಡುಗಿಯೇ, ನನ್ನದೂ ಹುಡುಗಿಯೇ. ಕೊಳ್ಳುವವರು ನೋಡುವುದು ಸೋಫಾದಿಂದ, ಅಂದರೆ ಹತ್ತು ಅಡಿಯಿಂದಲೇ. ಅಲ್ಲಿ ಬರೆದವಳೂ ನನ್ನ ಹಾಗೆ ಯಾವುದೋ ಹಳ್ಳಿಯಿಂದ ಬಂದು ಕೂಲಿಗೆ ಕೂತವಳಿರಬಹುದು, ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸ್ವಲ್ಪ ದಿನಕ್ಕೆ ಅಂಗಡಿಯ ಒಡೆಯ ಮಳಿಗೆ ಮಾರಿದ. ಈಗ ಅಲ್ಲಿ ಕಾಫಿ ಅಂಗಡಿ ಇದೆ, ಕಾಫಿ ಸುಮಾರಾಗಿದೆ.

ಹುಡುಗಿಗೆ ನಿಜವಾದ ಹೆಸರು ಬಂದದ್ದು ನಾನು ಕುಂಚ ಕೆಳಗಿಟ್ಟ ಮೇಲೆ. 1996ರಲ್ಲಿ ವರ್ಮೀರನ ದೊಡ್ಡ ಪ್ರದರ್ಶನ, 1999ರಲ್ಲಿ ಟ್ರೇಸಿ ಶೆವಲಿಯರ್ ಬರೆದ ಕಾದಂಬರಿ, 2003ರಲ್ಲಿ ಅದರ ಸಿನಿಮಾ. ಅವಳು ಚೀಲದ ಮೇಲೆ, ಛತ್ರಿಯ ಮೇಲೆ, ಬಿಸ್ಕತ್ತಿನ ಡಬ್ಬಿಯ ಮೇಲೆ ಕಾಣಿಸಿಕೊಂಡಳು. ಈ ನಡುವೆ 2002ರ ಜನವರಿಯಲ್ಲಿ ಗಿಲ್ಡರೂ ಹೋಗಿ ಯೂರೋ ಬಂತು. ವರ್ಮೀರ್ ಹುಟ್ಟಿ, ಬೆಳೆದು, ಬ್ರೆಡ್ಡಿನವನಿಗೆ ಬಾಕಿ ಉಳಿಸಿ ಸತ್ತ ಡೆಲ್ಫ್ಟಿನಲ್ಲಿ ಅವನ ಅಸಲಿ ಚಿತ್ರ ಒಂದೂ ಇಲ್ಲ. 2007ರಲ್ಲಿ ಅಲ್ಲಿ ಅವನ ಹೆಸರಿನ ಕೇಂದ್ರ ತೆರೆದರು. ಅದರಲ್ಲಿ ಅವನ ಎಲ್ಲ ಚಿತ್ರಗಳ ಮೂಲದಷ್ಟೇ ಅಳತೆಯ ಅಚ್ಚುಗಳಿವೆ. ಟಿಕೆಟು ಕೊಂಡು ಜನ ಕಾಪಿ ನೋಡುತ್ತಾರೆ, ಯಾರೂ ಗೊಣಗುವುದಿಲ್ಲ.

2016ರಲ್ಲಿ ಒಂದು ಬ್ಯಾಂಕಿನವರು, ಕಂಪ್ಯೂಟರ್ ಕಂಪನಿಯವರು, ಡೆಲ್ಫ್ಟ್ ವಿಶ್ವವಿದ್ಯಾಲಯದವರು ಸೇರಿ ರೆಂಬ್ರಾಂಟನ 346 ಚಿತ್ರಗಳನ್ನು ಯಂತ್ರಕ್ಕೆ ತಿನ್ನಿಸಿ ಹೊಸದೊಂದು ‘ರೆಂಬ್ರಾಂಟ್’ ತೆಗೆದರು. ಬಣ್ಣದ ಉಬ್ಬುತಗ್ಗು ಕಾಣುವಂತೆ ಹದಿಮೂರು ಪದರ ಅಚ್ಚು ಹಾಕಿದ್ದರು. ಯಂತ್ರ ಆರಿಸಿದ್ದು ಯಾರನ್ನು? ಕಪ್ಪು ಬಟ್ಟೆ, ಬಿಳಿ ಕಾಲರು, ತಲೆಗೆ ಟೋಪಿ, ಬಲಕ್ಕೆ ತಿರುಗಿದ ನಡುವಯಸ್ಸಿನ ಗಡ್ಡದ ಗಂಡಸು. ನಮ್ಮ ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಖರ್ಚಾಗುತ್ತಿದ್ದ ಮಾಲು ಅದೇ. 2022ರಲ್ಲಿ ‘ನೈಟ್ ವಾಚ್’ನ 717 ಗಿಗಾಪಿಕ್ಸೆಲ್ ಫೋಟೋವನ್ನು ರೈಕ್ಸ್ ಮ್ಯೂಸಿಯಮ್ ಎಲ್ಲರಿಗೂ ಪುಕ್ಕಟೆ ತೆರೆದಿಟ್ಟಿತು. ಮೊಮ್ಮಗಳು ತನ್ನ ಫೋನಿನಲ್ಲಿ ಎರಡು ಬೆರಳಿನಿಂದ ಹಿಗ್ಗಿಸಿ ಒಬ್ಬನ ಕಣ್ಣಿನೊಳಗಿನ ಬಣ್ಣದ ಕಣ ತೋರಿಸಿದಳು. ಭೂತಗನ್ನಡಿ ಹಿಡಿದು ಹಗ್ಗದಾಚೆ ಬಾಗಿ ಕಾವಲುಗಾರರಿಂದ ಬೈಸಿಕೊಂಡರೂ ನನಗೆ ಕಾಣದಿದ್ದದ್ದು ಅದು.

2023ರಲ್ಲಿ ಆ ಹುಡುಗಿ ಆಮ್‌ಸ್ಟರ್‌ಡ್ಯಾಮಿನ ಪ್ರದರ್ಶನಕ್ಕೆ ಹೋದಾಗ ಮೌರಿಟ್ಸ್‌ಹೌಸಿನವರು ಅವಳ ಜಾಗ ತುಂಬಲು ಜನರಿಂದಲೇ ಚಿತ್ರ ಕೇಳಿದರು. ಮೂರು ಸಾವಿರಕ್ಕೂ ಹೆಚ್ಚು ಬಂದವಂತೆ. ಗೋಡೆಗೇರಿದವುಗಳಲ್ಲಿ ಒಂದನ್ನು ಕೃತಕ ಬುದ್ಧಿಮತ್ತೆಯ ಯಂತ್ರದಿಂದ ಮಾಡಿಸಿದ್ದು, ಚಿತ್ರಕಾರರು ಗಲಾಟೆ ಎಬ್ಬಿಸಿದರು. ನನ್ನ ಅಭಿಪ್ರಾಯ ಕೇಳಿದ ಮೊಮ್ಮಗಳಿಗೆ, ಹಿಂಬದಿಯಲ್ಲಿ ‘ಕೋಪೀ’ ಎಂದು ಬರೆದಿದ್ದರೆ ನನ್ನದೇನೂ ತಕರಾರಿಲ್ಲ ಎಂದೆ.

ಬೇಸಿಗೆಯ ಶನಿವಾರಗಳಂದು ಡೆಲ್ಫ್ಟಿನ ಕಾಲುವೆ ದಂಡೆಯಲ್ಲಿ ಹಳೇ ಸಾಮಾನಿನ ಸಂತೆ ಕೂಡುತ್ತದೆ. ಹಿತ್ತಾಳೆ ಕಂದೀಲು, ಒಡಕು ಪಿಂಗಾಣಿ, ಯಾರದೋ ಮನೆಯ ಪೂರ್ವಜರು ಎಲ್ಲ ಅಲ್ಲಿಗೆ ಬರುತ್ತವೆ. ನೀವು ಆ ಕಡೆ ಹೋದಾಗ ನೆರಿಗೆಯ ಕೊರಳಿನ ಮುದುಕನೋ, ಮುತ್ತಿನೋಲೆಯ ಹುಡುಗಿಯೋ ಸಿಕ್ಕರೆ ಮೊದಲು ಓರೆ ಬೆಳಕಿಗೆ ಹಿಡಿದು ನೋಡಿ. ಬಣ್ಣ ಎಲ್ಲ ಕಡೆ ಒಂದೇ ಸಮ ಮಟ್ಟಸವಿದ್ದರೆ ಅದು ಅಚ್ಚು. ಬಿಳಿಯಿದ್ದಲ್ಲಿ ದಪ್ಪ, ನೆರಳಿದ್ದಲ್ಲಿ ಬಟ್ಟೆಯ ನೂಲು ಕಾಣುವಷ್ಟು ತೆಳು ಇದ್ದರೆ ಕೈಯಿಂದ ಬರೆದದ್ದು. ಆಮೇಲೆ ತಿರುಗಿಸಿ ಹಿಂಬದಿ ನೋಡಿ. ‘ಕೋಪೀ’ ಎಂದಿದ್ದು, ಲೇಸಿನಲ್ಲಿ ಎಲ್ಲಿಯಾದರೂ ಒಂದು ‘ಶ’ ಕಂಡರೆ, ಖುಷಿಯಿಂದ ತೊಗೊಳ್ಳಿ. ಕಟ್ಟಿನ ಬೆಲೆಗಿಂತ ಒಂದು ಯೂರೋ ಹೆಚ್ಚಿಗೆ ಕೊಡಬೇಡಿ.